ಹಸುವಿನ ಪಕ್ಕ ನಿಂತು ಕಲಿತ ನಮ್ಮ ಬಳಗ

ಪಶುವೈದ್ಯ ಪದವಿಗೆ, ಅಂದರೆ ಬಿ.ವಿ.ಎಸ್ಸಿ.ಗೆ ಸೇರುವವರಲ್ಲಿ ಎಷ್ಟೋ ಜನ ಅದುವರೆಗೆ ಒಂದು ಹಸುವಿನ ಹಗ್ಗವನ್ನೂ ಹಿಡಿದಿರುವುದಿಲ್ಲ. ಸಿಇಟಿಯಲ್ಲಿ ಸೀಟು ಸಿಕ್ಕಿತು, ಬಂದರು, ಅಷ್ಟೇ. ಇನ್ನು ಕೆಲವರು ಕೃಷಿಕರ ಕೋಟಾದಲ್ಲಿ ಬಂದವರು. ಕೊಟ್ಟಿಗೆಯಲ್ಲೇ ಬೆಳೆದವರು, ಆದರೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಬಾಯಿ ಕಟ್ಟುತ್ತದೆ. ಬೀದರ್‌ನಲ್ಲಿ ನಾನು ಓದುವಾಗ ಈ ಎರಡೂ ಥರದವರು ಒಂದೇ ಕ್ಲಾಸಿನಲ್ಲಿದ್ದೆವು. ಊಟ, ಓದು, ಓಡಾಟ ಮಾತ್ರ ಬೇರೆ ಬೇರೆ. ಇವರನ್ನೆಲ್ಲ ಒಂದೇ ಹಸುವಿನ ಪಕ್ಕ ನಿಲ್ಲಿಸಬೇಕು ಅಂತಲೇ ನಾವು ಕೆಲವರು ಒಂದು ವಿದ್ಯಾರ್ಥಿ ಬಳಗ ಶುರು ಮಾಡಿದೆವು.

ಉದ್ಘಾಟನೆ, ಬ್ಯಾನರ್ ಏನೂ ಇರಲಿಲ್ಲ. ಒಬ್ಬ ಮೇಷ್ಟ್ರು ಜೊತೆಗೆ ನಿಂತರು. ಭಾನುವಾರ ಬೆಳಗ್ಗೆ ಫಾರಂಗೆ ಹೋಗಲು ಅನುಮತಿ ಕೊಡಿಸಿದರು. ಅಮೆರಿಕದ ಕೃಷಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಮಾಡುವ ಒಂದು ಅಭ್ಯಾಸವನ್ನು ಅವರೇ ಹೇಳಿಕೊಟ್ಟರು. ನಾಲ್ಕು ಹಸುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಪ್ರತಿಯೊಬ್ಬರೂ ನೋಡಿ ಮೊದಲ ಸ್ಥಾನ, ಎರಡನೆಯ ಸ್ಥಾನ ಅಂತ ಬರೆಯಬೇಕು. ಆಮೇಲೆ ಎದ್ದು ನಿಂತು ಯಾಕೆ ಅಂತ ಬಾಯಲ್ಲಿ ಹೇಳಬೇಕು. ನಾವು ಅದನ್ನು ದೇವಣಿ ಹಸುಗಳ ಮೇಲೆ ಮಾಡಿದೆವು. ಮಾತು ಕನ್ನಡದಲ್ಲಿ.

ಅಲ್ಲಿಂದ ಎಲ್ಲವೂ ಬದಲಾಯಿತು. ದೇವಣಿ ಹಾಲಿಗೂ ಗೇಯುವುದಕ್ಕೂ ಆಗುವ ತಳಿ. ಹೀಗಾಗಿ ಬರೀ ಕೆಚ್ಚಲು ನೋಡಿದರೆ ಸಾಲದು, ಕಾಲು, ಗೊರಸು, ಬೆನ್ನು ಎಲ್ಲ ನೋಡಬೇಕು. ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಿದ್ದ ಭಾಲ್ಕಿ ಕಡೆಯ ಹುಡುಗನೊಬ್ಬ ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದರೆ ಹೆಚ್ಚುಕಡಿಮೆ ಎರಡೂವರೆ ವರ್ಷ, ಹೀಗೆ ಎಂಟೂ ಹಲ್ಲು ಬಂದು ಬಾಯಿ ಕೂಡುವ ತನಕ. ಬೆಂಗಳೂರಿನಿಂದ ಬಂದವರು ಅವನ ಹಿಂದೆ ಹಿಂದೆ ಓಡಾಡಿ ಕಲಿತರು. ಅದೇ ಹುಡುಗ ಪರೀಕ್ಷೆಗೆ ಅವರ ಹತ್ತಿರ ಕೂತು ಓದಿದ. ನಾನು ಮಂಡ್ಯದವಳು, ಹಳ್ಳಿಕಾರ್ ಬಿಟ್ಟರೆ ಬೇರೆ ದೇಸಿ ದನ ಹತ್ತಿರದಿಂದ ನೋಡಿದವಳಲ್ಲ. ನನಗೂ ಅವನೇ ಗುರು.

ಆಮೇಲೆ ಹತ್ತಿರದ ಒಂದು ಹಳ್ಳಿ ಹಿಡಿದೆವು. ಒಂದೇ ಹಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. ವಾರಕ್ಕೊಂದು ಊರಿಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದರೆ ರೈತರಿಗೂ ಉಪಯೋಗವಿಲ್ಲ, ನಮಗೂ ಇಲ್ಲ. ಹೋದ ಸಲ ನೋಡಿದ ಹಸುವನ್ನೇ ಈ ಸಲವೂ ನೋಡಿದಾಗ ಮಾತ್ರ ಏನು ಬದಲಾಗಿದೆ ಅಂತ ಗೊತ್ತಾಗುತ್ತದೆ.

ಅಲ್ಲಿ ಮಾಡಿದ್ದು ಎರಡೇ ಕೆಲಸ. ಒಂದು, ಕೆಚ್ಚಲು ಬಾವಿನ ಪರೀಕ್ಷೆ. ಕೆಚ್ಚಲು ಊದಿಕೊಂಡರೆ, ಹಾಲಿನಲ್ಲಿ ಗಡ್ಡೆ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ಹೊರಗೆ ಏನೂ ಕಾಣದ ಬಾವು ಜಾಸ್ತಿ ನಷ್ಟ ಮಾಡುತ್ತದೆ. ನಾಲ್ಕು ಬಟ್ಟಲಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲನ್ನು ಬೇರೆ ಬೇರೆ ಕರೆದು, ಅಷ್ಟೇ ಪ್ರಮಾಣದ ಸಿಎಂಟಿ (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್, ಕೆಚ್ಚಲು ಬಾವು ಪತ್ತೆ ಮಾಡುವ ಪರೀಕ್ಷೆ) ದ್ರಾವಣ ಹಾಕಿ ಮೆಲ್ಲಗೆ ತಿರುಗಿಸಬೇಕು. ಬಾವು ಇದ್ದರೆ ಹಾಲು ಲೋಳೆಯಾಗುತ್ತದೆ. ಹಾಲು ಕರೆಯುವ ಅಮ್ಮನ ಕಣ್ಣೆದುರೇ ಒಂದು ಬಟ್ಟಲು ಲೋಳೆಯಾಗಿ, ಮೂರು ನೀರಾಗಿ ಉಳಿದರೆ ಭಾಷಣ ಬೇಕಾಗಿಲ್ಲ. ಹಾಲು ಕರೆದ ಮೇಲೆ ಮೊಲೆ ತೂತು ಮುಚ್ಚಲು ಸ್ವಲ್ಪ ಹೊತ್ತು ಬೇಕು, ಅಲ್ಲಿಯವರೆಗೆ ಬಾವು ತರುವ ರೋಗಾಣು ಸುಲಭವಾಗಿ ಒಳಗೆ ಹೋಗುತ್ತದೆ. ಆಗ ಮೇವು ಹಾಕಿದರೆ ಹಸು ನಿಂತೇ ಇರುತ್ತದೆ, ಸಗಣಿಯ ನೆಲದಲ್ಲಿ ಮಲಗುವುದಿಲ್ಲ. ಖರ್ಚಿಲ್ಲದ ಈ ಮಾತನ್ನು ಎಷ್ಟೋ ಮನೆಯವರು ಹಿಡಿದುಕೊಂಡರು.

ಇನ್ನೊಂದು, ಟೇಪಿನಲ್ಲಿ ತೂಕ ಅಳೆಯುವುದು. ಎದೆಯ ಸುತ್ತಳತೆ ಇಂಚಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಭುಜದಿಂದ ಪಿರ್ರೆಯ ಮೂಳೆವರೆಗಿನ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ಕೆಜಿ ಬರುತ್ತದೆ. ಸುತ್ತಳತೆ 60 ಇಂಚು, ಉದ್ದ 50 ಇಂಚು ಇದ್ದರೆ ಸುಮಾರು 273 ಕೆಜಿ. ಜಂತು ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿರುತ್ತದೆ. ಕಣ್ಣಂದಾಜಿನಲ್ಲಿ ಕಡಿಮೆ ಕೊಟ್ಟರೆ ಜಂತು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ. ಮೊದಲ ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಕಾಣಲಿಲ್ಲ. ಅಳೆಯಬೇಕಾದರೆ ಹಸುವಿನ ಹತ್ತಿರ ಹೋಗಲೇಬೇಕು, ಅಲ್ವಾ?

ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರೂ ಸೂಜಿ ಮುಟ್ಟಬಾರದು, ಔಷಧಿ ಬರೆಯಬಾರದು. ನೋಂದಾಯಿತ ಪಶುವೈದ್ಯರು ಮಾತ್ರ ಚಿಕಿತ್ಸೆ ಮಾಡಬೇಕು ಅಂತ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಹೇಳುತ್ತದೆ. ರೈತರು ಮಾತ್ರ ನಮ್ಮನ್ನು ಆಗಲೇ ‘ಡಾಕ್ಟ್ರೇ’ ಎಂದು ಕರೆಯುತ್ತಿದ್ದರು. ‘ಒಂದು ಇಂಜೆಕ್ಷನ್ ಹಾಕ್ರಿ’ ಅಂತ ಕೈ ಹಿಡಿದು ಕೇಳುತ್ತಿದ್ದರು. ಇಲ್ಲ ಅನ್ನುವುದು ಕಷ್ಟ. ಆದರೂ ಅಲ್ಲಿನ ಪಶು ಆಸ್ಪತ್ರೆಯ ವೈದ್ಯರಿಗೆ ಮೊದಲೇ ಹೇಳಿ ಹೋಗುತ್ತಿದ್ದೆವು, ಬಾವು ಕಂಡ ಹಸುಗಳ ಪಟ್ಟಿ ಅವರಿಗೇ ಕೊಡುತ್ತಿದ್ದೆವು. ಇದರಿಂದ ಅವರಿಗೂ ನಮ್ಮ ಮೇಲೆ ಪ್ರೀತಿ ಬಂತು. ಕಂದು ಹಾಕಿದ ಹಸು ಇದ್ದ ಮನೆಯಲ್ಲಿ ಮಾಸು, ಸತ್ತ ಕರು ಮುಟ್ಟಬಾರದು ಅನ್ನುವುದೂ ನಿಯಮವೇ. ಹಸು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ರೋಗಾಣು ಮನುಷ್ಯರಿಗೂ ತಗಲುತ್ತದೆ.

ದುಡ್ಡಿನ ವಿಷಯ ಹೆಚ್ಚು ಹೇಳುವಂಥದ್ದಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದೆವು. ಟೇಪು, ತಟ್ಟೆ, ದ್ರಾವಣ, ಗಮ್‌ಬೂಟು, ಒಂದು ದಪ್ಪ ನೋಟ್‌ಬುಕ್, ಇಷ್ಟು ಸಾಕು.

ಬಳಗ ಮುಂದುವರಿಯಬೇಕಾದರೆ ಕಿರಿಯರ ಕೈಗೆ ಬೇಗ ಕೊಡಬೇಕು. ನಮ್ಮ ಕೋರ್ಸು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಕೊನೆಯ ವರ್ಷದವರೇ ಎಲ್ಲ ಹಿಡಿದುಕೊಂಡರೆ ಅವರು ಇಂಟರ್ನ್‌ಶಿಪ್‌ಗೆ ಹೋದ ದಿನವೇ ಬಳಗ ನಿಂತುಹೋಗುತ್ತದೆ. ನಾವು ಎರಡನೇ ವರ್ಷದವರಿಗೆ ನೋಟ್‌ಬುಕ್ ಕೊಟ್ಟೆವು. ಅದರಲ್ಲಿ ಪ್ರತಿ ಮನೆ, ಪ್ರತಿ ಹಸು, ಯಾವ ಮೊಲೆಯಲ್ಲಿ ಬಾವು, ತೂಕ ಎಷ್ಟು, ಮನೆಯವರು ಕೇಳಿದ ಪ್ರಶ್ನೆ ಏನು, ಎಲ್ಲ ಇರುತ್ತಿತ್ತು. ಪ್ರಶ್ನೆಗಳ ಪುಟ ನನಗೆ ಬಹಳ ಇಷ್ಟ. ಉತ್ತರ ಗೊತ್ತಿಲ್ಲದಿದ್ದರೆ ಮೇಷ್ಟ್ರನ್ನು ಕೇಳಿ ಮುಂದಿನ ಸಲ ಹೇಳುವುದು ಕಿರಿಯರ ಜವಾಬ್ದಾರಿ.

ಕಾಲುಬಾಯಿ ಜ್ವರವೋ ಚರ್ಮಗಂಟು ರೋಗವೋ ಸುತ್ತಮುತ್ತ ಕಾಣಿಸಿದರೆ ಹಳ್ಳಿ ಭೇಟಿ ಪೂರ್ತಿ ನಿಲ್ಲಿಸಿ. ಕಾಲುಬಾಯಿ ಜ್ವರದ ವೈರಸ್ ಬೂಟು, ಬಟ್ಟೆಗೆ ಅಂಟಿಕೊಂಡು ಮನೆಯಿಂದ ಮನೆಗೆ ಹೋಗುತ್ತದೆ. ಅಂಥ ದಿನಗಳಲ್ಲಿ ಫೋನ್ ಮಾಡಿ ದನ ಹೇಗಿದೆ ಅಂತ ವಿಚಾರಿಸಿ, ಲಸಿಕೆ ಹಾಕಿಸಿದ್ದಾರಾ ಅಂತ ಕೇಳಿ.