ಫೋನಲ್ಲಿ ಇಮೇಲ್ ಐಡಿ ಹೇಳುವುದು ಹೇಗೆ?

ಹೋದ ಮಳೆಗಾಲದಲ್ಲಿ ಹೊಸನಗರದ ಕಡೆ ಇರುವ ನಮ್ಮ ಚಿಕ್ಕಪ್ಪನಿಗೆ ಫೋನಲ್ಲೇ ನನ್ನ ಇಮೇಲ್ ಐಡಿ ಹೇಳಿದೆ. @ ಬಂದಾಗ ಸ್ಟೈಲಾಗಿ ಬರೀ 'ಎಟ್' ಅಂದೆ. ಅವರು 8 ಬರೆದುಕೊಂಡರು. ಮೂರು ಸಲ ಒತ್ತಿದರೂ ಹೋಗಲಿಲ್ಲ. "ಎಂತ ಮಾರಾಯ, ವಿಳಾಸವೇ ತಪ್ಪು ಅಂತಿದೆಯಲ್ಲ" ಅಂತ ನನಗೇ ಬೈದರು.

ಅದಕ್ಕೇ ಹೇಳುವುದು, ಸುಮ್ನೆ 'ಅಟ್ ದ ರೇಟ್' ಅನ್ನಿ. ಅಮೆರಿಕದವರು ಬರೀ 'ಅಟ್' ಅನ್ನುತ್ತಾರೆ, ಇಟಲಿಯವರು ಬಸವನಹುಳು ಅನ್ನುತ್ತಾರೆ, ಅವರ ಪಾಡು ಅವರಿಗೆ. ಇಷ್ಟು ಚೀಲ, ಒಂದಕ್ಕೆ ಇಷ್ಟು ರೂಪಾಯಿ ಅಂತ ಬಿಲ್ಲಿನಲ್ಲಿ ದರ ಹಾಕಲು ಮೊದಲಿಂದಲೂ ಇದ್ದ ಗುರುತು ಇದು, 1971ರಲ್ಲಿ ರೇ ಟಾಮ್ಲಿನ್ಸನ್ ಅನ್ನುವ ಅಮೆರಿಕದ ಎಂಜಿನಿಯರ್ ಇಮೇಲಿಗೆ ಬಳಸಿದ್ದು ಆಮೇಲೆ. ಮಂಡಿ ಲೆಕ್ಕ ಬರೆದು ಗೊತ್ತಿರುವವರಿಗೆ 'ರೇಟ್' ಅಂದರೆ ಸಾಕು, ಕೈ ತಾನಾಗಿ ಸುತ್ತುತ್ತದೆ.

_ ಬಂದರೆ 'ಅಂಡರ್‌ಸ್ಕೋರ್, ಕೆಳಗಡೆ ಗೆರೆ' ಅಂತ ಎರಡನ್ನೂ ಹೇಳಿ. ಹೈಫನ್ ಆದರೆ 'ಮಧ್ಯದ ಗೆರೆ'. ಬರೀ 'ಡ್ಯಾಶ್' ಅಂದಿರೋ, ಕೆಟ್ಟಿರಿ. # ನಮಗೆ ಹ್ಯಾಶ್, ಆದರೆ ಕೋಡಿಂಗ್ ಕಲಿಯುವ ಮಕ್ಕಳು ಇಂಟರ್‌ವ್ಯೂನಲ್ಲಿ 'ಸಿ ಹ್ಯಾಶ್' ಅನ್ನಬೇಡಿ, C# ಅನ್ನುವ ಆ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಸಿ ಶಾರ್ಪ್.

ಅಕ್ಷರಗಳದ್ದು ಜಾಸ್ತಿ ತಲೆನೋವು. ಮಳೆ ಹಿಡಿದಾಗ ನೆಟ್‌ವರ್ಕ್ ಒಂದು ಕಡ್ಡಿ ಇದ್ದರೆ ಪುಣ್ಯ, ಎಂ ಯಾವುದು ಎನ್ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಊರಿನ ಹೆಸರು ಹಿಡಿಯಿರಿ: ಎಂ ಅಂದರೆ ಮಂಡಗದ್ದೆ, ಎನ್ ಅಂದರೆ ನಗರ, ಬಿ ಭದ್ರಾವತಿ, ಡಿ ದಾವಣಗೆರೆ, ಟಿ ತೀರ್ಥಹಳ್ಳಿ. ಸಿಗೆ ಮಾತ್ರ ಸಾಗರ ಅನ್ನಬೇಡಿ, ಆಚೆಯವರು ಎಸ್ ಬರೆಯುತ್ತಾರೆ, ಚಿಕ್ಕಮಗಳೂರು ಅನ್ನಿ. 'ಝೀ' ಅಂದರೆ ಜಿ ಅಂತ ಕೇಳುತ್ತದೆ, ಹಳೇ 'ಝಡ್' ವಾಸಿ.

ಸೊನ್ನೆಗೆ 'ಓ' ಅನ್ನುವ ಚಾಳಿ ಬಿಡಿ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್‌ನಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆಯೇ. ಪ್ಯಾನ್ ನಂಬರಿನಲ್ಲಿ ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಅನುಮಾನ ಬಂದರೆ ಎಷ್ಟನೇ ಜಾಗ ಅಂತ ಎಣಿಸಿ.

ಅಲುಗಾಡುವ ಪುಟ್ಟ ಚಿತ್ರಗಳ GIF ಫೈಲಿಗೆ ಜಿಫೋ ಗಿಫೋ ಅನ್ನುವ ಜಗಳಕ್ಕೆ ಹೋಗಲೇಬೇಡಿ. ಅದನ್ನು ಮಾಡಿದ ಸ್ಟೀವ್ ವಿಲ್ಹೈಟ್ ಅವರೇ ಜಿಫ್ ಅಂದರೂ ಜನ ಕೇಳಲಿಲ್ಲ, ಇನ್ನು ನಮ್ಮ ಮಾತು ಯಾರು ಕೇಳುತ್ತಾರೆ ಅಲ್ವಾ?

ಎಲ್ಲ ಹೇಳಿ ಆದ ಮೇಲೆ ಬರೆದುಕೊಂಡವರ ಕೈಲಿ ಒಂದು ಸಲ ಓದಿಸಿ. ಅವತ್ತು ಚಿಕ್ಕಪ್ಪ ಓದುತ್ತಾ ನಡುವೆ 'ಎಂಟು' ಅಂದಾಗಲೇ ನನ್ನ ಎಡವಟ್ಟು ಸಿಕ್ಕಿದ್ದು.