ನೆಲ್ಲಿನ (ಭತ್ತದ) ಹುಲ್ಲಿಗೆ ಬೆಂಕಿ ಹಚ್ಚೋ ಮುಂಚೆ ಓದ್ರಿ

ಗಂಗಾವತಿ, ಕಾರಟಗಿ ಕಡೆ ಮಷಿನ್ ಕಟಾವು ಮುಗೀತಾ ಬಂತು, ಸಂಜೆ ಆದ್ರ ಬರೀ ಹೊಗಿ. ನಮ್ಮವ್ವಗ ದಮ್ಮು ಐತ್ರಿ, ಕಿಟಕಿ ತೆಗಿಯಂಗಿಲ್ಲ.

ಒಂದು ಟನ್ ಹುಲ್ಲಿನಾಗ ಸುಮಾರು 5ರಿಂದ 8 ಕೆಜಿ ಸಾರಜನಕ ಇರತೈತಿ. ಸುಟ್ರ ಬಹುತೇಕ ಎಲ್ಲಾ ಗಾಳಿಪಾಲು. ಅದನ್ನೇ ಮತ್ತ ಯೂರಿಯಾ ಚೀಲದಾಗ ರೊಕ್ಕ ಕೊಟ್ಟು ತರತೀವಿ.

ದನ ಇದ್ದವರಿಗೆ ಮೊದಲು ಕೇಳ್ರಿ. ಅವರು ಒಯ್ಯಲಿಲ್ಲಂದ್ರ ಟ್ರ್ಯಾಕ್ಟರಿಗೆ ಹಾಕೋ ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸ್ರಿ. ನಾಟಿಗೆ ಕನಿಷ್ಠ 3 ವಾರ ಮೊದಲೇ ಈ ಕೆಲಸ ಆಗಬೇಕು. ತಡ ಆದ್ರ ಕೊಳೆಯೋ ಹುಲ್ಲೇ ಸಾರಜನಕ ಹಿಡಕೊಂಡು ಸಸಿ ಹಳದಿ ಬೀಳತಾವ. ಗದ್ಯಾಗ ನೀರು ನಿಲ್ಲಿಸಿ ಮಾತ್ರ ಕೊಳೆಸಬ್ಯಾಡ್ರಿ, ಭೂಮಿ ಬಿಸಿ ಮಾಡೋ ಮೀಥೇನ್ ಅನಿಲ ಹೆಚ್ಚು ಏಳತೈತಿ. ಮಣ್ಣು ಹಸಿ ಇದ್ರ ಸಾಕು.

ಹುಲ್ಲು ಕಟ್ಟೋ ಬೇಲರ್ ಬಾಡಿಗಿಗೆ ಕೊಡೋರು ಗೊತ್ತಿದ್ರ ಇಲ್ಲೇ ತಿಳಿಸ್ರಿ.