ಹುಳುಕಡ್ಡಿಯ ಮುಲಾಮಿನಿಂದ ತುರಿಕೆ ಹೆಚ್ಚಿದರೆ ಏನು ಮಾಡಬೇಕು?

ಹುಳುಕಡ್ಡಿಗೆ ಮುಲಾಮು ಹಚ್ಚಿದ ಮೇಲೆ ತುರಿಕೆ ಇಳಿಯುವ ಬದಲು ಏರಿದರೆ, ಅದರ ಮೇಲೆಯೇ ಮತ್ತೊಂದು ಮುಲಾಮು ಬಳಿಯುವವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಮೂರನೆಯ ಟ್ಯೂಬಿನ ಹೊತ್ತಿಗೆ ಎಲ್ಲಿಯವರೆಗೆ ರೋಗ, ಎಲ್ಲಿಂದ ಅಲರ್ಜಿ ಎಂದು ಚರ್ಮವೈದ್ಯರಿಗೂ ತಿಳಿಯುವುದು ಕಷ್ಟ.

ಮೊದಲು ಹಚ್ಚುವುದನ್ನು ನಿಲ್ಲಿಸಿ, ಚರ್ಮವನ್ನು ತಣ್ಣೀರಿನಲ್ಲಿ ತೊಳೆಯಿರಿ. ಬೆಳ್ಳುಳ್ಳಿ ಅರೆದು ಹಚ್ಚುವ ಉಪಾಯ ಬೇಡವೇ ಬೇಡ, ಅದು ಚರ್ಮವನ್ನು ಸುಡುತ್ತದೆ.

ಆಮೇಲೆ ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್ ಎಂದಿದ್ದರೆ ಅದರಲ್ಲಿ ಸ್ಟೆರಾಯ್ಡ್ ಇದೆ. ಅದು ತುರಿಕೆಯನ್ನು ಎರಡೇ ದಿನದಲ್ಲಿ ಅಡಗಿಸುತ್ತದೆ, ಆದರೆ ಹುಳುಕಡ್ಡಿಗೆ ಕಾರಣವಾದ ಶಿಲೀಂಧ್ರ ಒಳಗೊಳಗೇ ಹರಡುತ್ತಿರುತ್ತದೆ. ಬಿಟ್ಟೊಡನೆ ಕೆಂಪು ಉಕ್ಕುವುದನ್ನು ಜನ ಅಲರ್ಜಿ ಎಂದುಕೊಳ್ಳುತ್ತಾರೆ. ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ನಿಯಮ ಮಾಡಿದ್ದರೂ, ಕೇಳಿದರೆ ಸಿಗುತ್ತವೆ. ಶಿಲೀಂಧ್ರದ ಔಷಧಿಗೆ ಸ್ಟೆರಾಯ್ಡ್ ಬೆರೆಸಿದ ಮಿಶ್ರ ಮುಲಾಮನ್ನು ಸ್ವಂತ ಬುದ್ಧಿಯಿಂದ ಕೊಳ್ಳಲೇಬಾರದು.

ಸ್ಟೆರಾಯ್ಡ್ ಇಲ್ಲದಿದ್ದರೆ ಚರ್ಮವನ್ನು ಬೆಳಕಿನಲ್ಲಿ ನೋಡಬೇಕು; ಎಲ್ಲರೂ ಎಡವುವುದು ಇಲ್ಲಿಯೇ. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಉರಿ ಹತ್ತಿ ತಾನಾಗಿ ಇಳಿದರೆ ಅದು ಬಹುಮಟ್ಟಿಗೆ ಬರಿಯ ಉರಿ. ಕೆರೆದು ತರಚಿದ ತೊಡೆಸಂದಿಯಲ್ಲಿ ಇದು ಸಾಮಾನ್ಯ. ಅಲರ್ಜಿ ನಿಧಾನವಾಗಿ, ಒಂದೆರಡು ದಿನ ಬಿಟ್ಟು ಬರುತ್ತದೆ: ಸಾಸಿವೆಯಂಥ ನೀರುಗುಳ್ಳೆಗಳೆದ್ದು, ಒಡೆದು ರಸ ಸೋರಿ, ಹಚ್ಚಿದ ಜಾಗದ ಗೆರೆ ದಾಟಿ ಕೆಂಪು ಹರಡುತ್ತದೆ. ಇದಕ್ಕೆ ಮುಲಾಮಿನಲ್ಲಿರುವ ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರನಾಶಕ ಔಷಧಿಯೇ ಕಾರಣವಿರಬಹುದು, ಮುಲಾಮು ಕೆಡದಂತೆ ಬೆರೆಸಿದ ವಸ್ತುವೂ ಇರಬಹುದು. ಕ್ಲೋಟ್ರಿಮಜೋಲ್ ಒಗ್ಗದವರಿಗೆ ಅದರದೇ ಬಳಗದ ಮೈಕೋನಜೋಲ್ ಕೂಡ ಒಗ್ಗದಿರಬಹುದಾದ್ದರಿಂದ, ಹೆಸರು ಬದಲಿಸಿದರೆ ಸಾಲದು. ಇನ್ನು ಪಾದದಲ್ಲಿ ಸೋಂಕಿದ್ದು, ಮುಲಾಮು ತಾಗದ ಅಂಗೈಯಲ್ಲಿ ಗುಳ್ಳೆಗಳೆದ್ದರೆ, ಅದು ಶಿಲೀಂಧ್ರಕ್ಕೇ ದೇಹ ತೋರುವ ಪ್ರತಿಕ್ರಿಯೆಯಾಗಿರಬಹುದು. ಹಾಗಿದ್ದರೆ ಔಷಧಿ ನಿಲ್ಲಿಸುವುದೇ ತಪ್ಪಾಗುತ್ತದೆ, ವೈದ್ಯರಿಗೆ ತೋರಿಸಿ.

ಅಲರ್ಜಿ ಯಾವುದರಿಂದ ಎಂದು ಖಚಿತಪಡಿಸಿಕೊಳ್ಳಲು ಪ್ಯಾಚ್ ಪರೀಕ್ಷೆಯಿದೆ: ಅನುಮಾನವಿರುವ ವಸ್ತುಗಳನ್ನು ಹಚ್ಚಿ ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆಗಳ ನಂತರ ತೆಗೆದು, ಮತ್ತೆ ಒಂದೆರಡು ದಿನ ಬಿಟ್ಟು ನೋಡುತ್ತಾರೆ.

ಮಾತ್ರೆಗಳ ವಿಷಯದಲ್ಲಿ ಮನೆಯಲ್ಲಿ ಯಾವ ಪ್ರಯೋಗವೂ ಸಲ್ಲದು. ಶಿಲೀಂಧ್ರಕ್ಕೆ ಕೊಡುವ ಫ್ಲುಕೋನಜೋಲ್ ಮಾತ್ರೆ ನುಂಗಿದಾಗಲೆಲ್ಲ ತುಟಿಯ ಮೇಲೋ ಕೈಯ ಮೇಲೋ ಅದೇ ಜಾಗದಲ್ಲಿ ದುಂಡನೆಯ ಕಪ್ಪು ಕಲೆ ಮೂಡಿದರೆ ಆ ಮಾತ್ರೆಯನ್ನು ಬಿಟ್ಟು ವೈದ್ಯರಿಗೆ ತಿಳಿಸಿ. ಜ್ವರದೊಂದಿಗೆ ಬಾಯಿಹುಣ್ಣಾದರೆ, ಚರ್ಮ ಸುಲಿದರೆ, ಮುಖ ಊದಿದರೆ ತಕ್ಷಣ ಮಾತ್ರೆಯ ಸ್ಟ್ರಿಪ್‌ನೊಂದಿಗೆ ಆಸ್ಪತ್ರೆಗೆ ಹೋಗಬೇಕು. ಸ್ಟ್ರಿಪ್‌ನಿಂದ ನಾಲ್ಕೇ ಮಾತ್ರೆ ಕತ್ತರಿಸಿ ಕೊಂಡಾಗ ಹೆಸರಿರುವ ತುಂಡು ಅಂಗಡಿಯಲ್ಲಿಯೇ ಉಳಿಯುವುದುಂಟು; ಕೊಳ್ಳುವಾಗಲೇ ಬಿಲ್ಲಿನಲ್ಲಿ ಹೆಸರು ಬರೆಸಿಕೊಳ್ಳಿ.